ಪೆಸಿಫಿಕ್ ದ್ವೀಪಗಳ ‘ದಿನ ಮಾರಾಟ’: ದುಡ್ಡು ಬಂತು ಸರಿ, ಕೆಲಸ ಬಂತಾ?

ತೀರದವನು (ಉಡುಪಿ)

ಒಂದು ವಾರದಿಂದ ಒಂದೇ ವಿಷಯ ತಲೆ ತಿನ್ನುತ್ತಿದೆ. ಇಲ್ಲಿ ತಿಳಿದವರು ಯಾರಾದರೂ ಇರಬಹುದು ಅಂತ ಹಾಕುತ್ತಿದ್ದೇನೆ.

ಪೆಸಿಫಿಕ್ ಸಾಗರದ ನಡುವೆ ಕಿರಿಬಾಸ್ ಅಂತ ಒಂದು ದೇಶ ಇದೆ. ಜನ ಸುಮಾರು 1.2 ಲಕ್ಷ, ಅಂದರೆ ನಮ್ಮ ಉಡುಪಿ ಪೇಟೆಯಷ್ಟು. ಆದರೆ ಅದರ ಹಕ್ಕಿನ ಸಮುದ್ರ ಸುಮಾರು 35 ಲಕ್ಷ ಚದರ ಕಿಲೋಮೀಟರ್. ಇಡೀ ಭಾರತಕ್ಕೇ ಇರುವುದು 23 ಲಕ್ಷದ ಹತ್ತಿರ. ಆ ನೀರಿನ ತುಂಬಾ ಟ್ಯೂನಾ, ನಮ್ಮ ಕಡೆಯ ಮಾತಲ್ಲಿ ಕೇದಾರ. ಹಿಡಿಯುವ ದೊಡ್ಡ ಹಡಗು ಮಾತ್ರ ಹೆಚ್ಚಿನವು ಹೊರಗಿನವರದ್ದು. ಜಪಾನ್, ತೈವಾನ್, ಕೊರಿಯಾ, ಅಮೆರಿಕ, ಚೀನಾದಿಂದ ಬರುತ್ತವೆ.

ಮೊದಲು ಒಂದೊಂದು ದ್ವೀಪವೂ ತನ್ನಷ್ಟಕ್ಕೆ ಲೈಸೆನ್ಸ್ ಕೊಡುತ್ತಿತ್ತು. ‘ನೀನು ಕಡಿಮೆ ಮಾಡದಿದ್ದರೆ ಪಕ್ಕದವನ ಹತ್ತಿರ ಹೋಗುತ್ತೇವೆ’ ಅಂತ ಹಡಗಿನವರು ಆಟ ಆಡಿಸುತ್ತಿದ್ದರು. ಕೈಗೆ ಸಿಗುತ್ತಿದ್ದದ್ದು ಮೀನಿನ ಬೆಲೆಯಲ್ಲಿ ನೂರಕ್ಕೆ ಐದೋ ಆರೋ. 1982ರಲ್ಲಿ ‘ನೌರು ಒಪ್ಪಂದ’ ಅಂತ ಮಾಡಿಕೊಂಡರು. ಈಗ ಅದರಲ್ಲಿ ಎಂಟು ದೇಶ: ಕಿರಿಬಾಸ್, ನೌರು, ಟುವಾಲು, ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾ, ಪಲಾವ್, ಸೊಲೊಮನ್, ಪಪುವಾ ನ್ಯೂಗಿನಿ. 2007ರಿಂದ ಹಡಗಿನ ಸಂಖ್ಯೆಯ ಲೆಕ್ಕ ಬಿಟ್ಟು ದಿನದ ಲೆಕ್ಕ ಹಿಡಿದರು. ಎಲ್ಲರೂ ಸೇರಿ ವರ್ಷಕ್ಕೆ ಸುಮಾರು 45 ಸಾವಿರ ‘ಹಡಗಿನ ದಿನ’ (ಒಂದು ಹಡಗು ಒಂದು ದಿನ ಮೀನು ಹಿಡಿಯುವ ಹಕ್ಕು) ಮಾತ್ರ ಮಾರುತ್ತಾರೆ. ಕನಿಷ್ಠ ದರ ದಿನಕ್ಕೆ 8,000 ಡಾಲರ್. 2010ರಲ್ಲಿ ಎಲ್ಲರಿಗೂ ಸೇರಿ 6 ಕೋಟಿ ಡಾಲರ್ ಬರುತ್ತಿತ್ತು. ಹತ್ತು ವರ್ಷದೊಳಗೆ ಅದು 50 ಕೋಟಿಯ ಹತ್ತಿರ ಹೋಯಿತು.

ನನ್ನ ಪ್ರಶ್ನೆ ಇಷ್ಟೇ. ದುಡ್ಡು ಬಂತು. ಅಲ್ಲಿನ ಹುಡುಗರಿಗೆ ಕೆಲಸ ಬಂತಾ?

ಮಲ್ಪೆ ದಕ್ಕೆ

ಒಗ್ಗಟ್ಟಂತೆ ಮಾರಾಯ್ರೆ! ಮಳೆಗಾಲದಲ್ಲಿ ಕೇರಳದ ಟ್ರಾಲ್ ಬೋಟಿಗೆ ರಜೆ 52 ದಿನ, ನಮಗೆ 61. ತಲಪಾಡಿ ಗೇಟ್ ಎಲ್ಲಿ ಉಂಟು ಅಂತ ಬೂತಾಯಿಗೆ ಗೊತ್ತುಂಟಾ? ಒಂದೇ ದೇಶದ ಎರಡು ರಾಜ್ಯಕ್ಕೆ ಒಂದು ತಾರೀಕು ಹೊಂದಿಸಲು ಆಗಿಲ್ಲ. ಎಂಟು ದೇಶ ಕೂತು ದರ ಹೊಂದಿಸಿದ್ದು ಹೇಗೆ, ಅದನ್ನು ಮೊದಲು ಹೇಳಿ. ಕೆಲಸದ ವಿಷಯ ಆಮೇಲೆ.

ಮೇಷ್ಟ್ರು (ತುಮಕೂರು)

ಜಗಳದಿಂದಲೇ ಹೊಂದಿಸಿದರು ಸ್ವಾಮಿ.

‘ಟ್ಯೂನಾ ಊರೂರು ತಿರುಗುವ ಮೀನು, ಅದರ ಮೇಲೆ ಯಾವ ದೇಶಕ್ಕೂ ಹಕ್ಕಿಲ್ಲ’ ಅಂತ ಆಗ ಅಮೆರಿಕದ ವಾದ. 1984ರಲ್ಲಿ ಸೊಲೊಮನ್‌ನವರು ‘ಜೀನೆಟ್ ಡಯಾನಾ’ ಅನ್ನುವ ಅಮೆರಿಕದ ಹಡಗನ್ನು ಹಿಡಿದು ಹಾಕಿದರು. ಸಿಟ್ಟಿಗೆದ್ದ ಅಮೆರಿಕ ಸೊಲೊಮನ್ ಮೀನು ಕೊಳ್ಳುವುದನ್ನೇ ನಿಲ್ಲಿಸಿತು. ಮರುವರ್ಷ ಕಿರಿಬಾಸ್ ಹೋಗಿ ಸೋವಿಯತ್ ಒಕ್ಕೂಟಕ್ಕೆ ಮೀನು ಹಿಡಿಯಲು ಲೈಸೆನ್ಸ್ ಕೊಟ್ಟಿತು. ಶೀತಲ ಸಮರದ ಕಾಲ ನೋಡಿ. ಅಮೆರಿಕದವರಿಗೆ ಕೂತಲ್ಲಿ ಮುಳ್ಳು ಚುಚ್ಚಿದ ಹಾಗಾಯಿತು. 1987ರಲ್ಲಿ ದ್ವೀಪಗಳೆಲ್ಲದರ ಜೊತೆ ಒಟ್ಟಿಗೆ ಒಪ್ಪಂದ ಮಾಡಿಕೊಂಡರು. ಒಟ್ಟಿಗೆ ಕೂತರೆ ದೊಡ್ಡವರೂ ಇಳಿದು ಬರುತ್ತಾರೆ ಅಂತ ದ್ವೀಪದವರಿಗೆ ಗೊತ್ತಾಗಿದ್ದು ಆಗ.

ಆದರೆ ಬರೀ ರೋಷದ ಮೇಲೆ ಒಗ್ಗಟ್ಟು ಎಷ್ಟು ದಿನ ನಿಲ್ಲುತ್ತೆ? ಇಲ್ಲಿ ಮೀನೇ ಸಹಾಯ ಮಾಡಿತು. ಎಲ್ ನಿನೋ ವರ್ಷ, ಅಂದರೆ ನಡು ಪೆಸಿಫಿಕ್ ನೀರು ಬಿಸಿಯಾದ ವರ್ಷ, ಟ್ಯೂನಾ ಹಿಂಡು ಪೂರ್ವಕ್ಕೆ, ಕಿರಿಬಾಸ್ ಕಡೆ ಹೋಗುತ್ತೆ. ಅದರ ಉಲ್ಟಾ ಲಾ ನಿನಾ ಬಂದರೆ ಪಶ್ಚಿಮಕ್ಕೆ, ಪಪುವಾ ನ್ಯೂಗಿನಿ ಕಡೆ. ಈ ವರ್ಷ ಯಾರ ಮನೆ ಬಾಗಿಲಿಗೆ ಲಕ್ಷ್ಮಿ ಬರುತ್ತಾಳೆ ಅಂತ ಯಾರಿಗೂ ಗ್ಯಾರಂಟಿ ಇಲ್ಲ. ಹಾಗಾಗಿ ಮೀನಿಲ್ಲದ ವರ್ಷ ಉಳಿದ ದಿನಗಳನ್ನು ಪಕ್ಕದ ದೇಶಕ್ಕೆ ಕೊಟ್ಟು ದುಡ್ಡು ತೆಗೆದುಕೊಳ್ಳಬಹುದು ಅಂತ ನಿಯಮ ಮಾಡಿಕೊಂಡರು.

ಇನ್ನೊಂದು, ಕೊಳ್ಳುವವನಿಗೆ ಬೇರೆ ಸಂತೆ ಇಲ್ಲ. ಡಬ್ಬಿಗೆ ಹೋಗುವ ಸ್ಕಿಪ್‌ಜ್ಯಾಕ್ ಜಾತಿಯಲ್ಲಿ ಜಗತ್ತಿನ ಅರ್ಧದಷ್ಟು ಸಿಗುವುದೇ ಈ ನೀರಿನಲ್ಲಿ. ಈ ದೇಶಗಳ ಮಧ್ಯೆ ಯಾರಿಗೂ ಸೇರದ ಸಮುದ್ರದ ತುಂಡುಗಳಿವೆ. ಹಡಗಿನವರು ಅಲ್ಲಿ ಹೋಗಿ ನಿಂತು ಪುಕ್ಕಟೆ ಹಿಡಿಯುತ್ತಿದ್ದರು. ‘ಅಲ್ಲಿ ಬಲೆ ಬಿಟ್ಟರೆ ನಮ್ಮಲ್ಲಿ ಲೈಸೆನ್ಸ್ ಇಲ್ಲ’ ಅಂತ ಎಲ್ಲರೂ ಒಂದೇ ಷರತ್ತು ಹಾಕಿದರು. ಆಟ ಮುಗಿಯಿತು.

ಕೆಲಸದ ಬಗ್ಗೆ ನನ್ನ ಉತ್ತರ ಅಷ್ಟು ಚೆನ್ನಾಗಿಲ್ಲ. ಲೈಸೆನ್ಸ್ ಫೀಸು ಅಂದರೆ ಬಾಡಿಗೆ. ಬಾಡಿಗೆ ಬರುವ ಮನೆಯವರ ಕೈಯಲ್ಲಿ ದುಡ್ಡಿರುತ್ತೆ. ಮಕ್ಕಳು ಜಗಲಿ ಮೇಲೆ ಸುಮ್ನೆ ಕೂತಿರಬಹುದು.

ಎಂಜಿನ್ ರೂಮ್

ಮೇಷ್ಟ್ರೇ, ಬಾಡಿಗೆ ಮಾತು ಮುಕ್ಕಾಲು ಸರಿ. ಉಳಿದ ಕಾಲು ಭಾಗ ನಾನು ಕಣ್ಣಾರೆ ಕಂಡಿದ್ದೇನೆ, ಹೇಳುತ್ತೇನೆ.

ನಾನು ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್. ಕೆಲವು ವರ್ಷದ ಹಿಂದೆ ಒಂದು ರೀಫರ್ ಹಡಗಿನಲ್ಲಿದ್ದೆ. ರೀಫರ್ ಅಂದರೆ ತೇಲುವ ಫ್ರಿಜ್. ಮಾರ್ಷಲ್ ದ್ವೀಪಗಳ ಮಜುರೋದಲ್ಲಿ ಮೂರು ವಾರ ಲಂಗರು ಹಾಕಿದ್ದೆವು. ಟ್ಯೂನಾ ಹಿಂಡಿನ ಸುತ್ತ ಬಲೆ ಬಿಟ್ಟು ಹಿಡಿಯುವ ದೊಡ್ಡ ಪರ್ಸೀನ್ ಹಡಗುಗಳು ಮೀನನ್ನು ನಡು ಸಮುದ್ರದಲ್ಲಿ ಇನ್ನೊಂದು ಹಡಗಿಗೆ ದಾಟಿಸುವ ಹಾಗಿಲ್ಲ, ಬಂದರಿಗೆ ಬಂದೇ ದಾಟಿಸಬೇಕು. ಆ ನಿಯಮದಿಂದಲೇ ಮಜುರೋ ಅಷ್ಟು ಗಿಜಿಗಿಜಿ. ಹವಳದ ಉಂಗುರದ ಒಳಗೆ ನೀರು ಕೆರೆ ಹಾಗೆ ತಣ್ಣಗೆ ನಿಂತಿರುತ್ತೆ. ಅದರಲ್ಲಿ ಸಾಲಾಗಿ ಹಡಗುಗಳು. ಕೆಲವದರ ನೆತ್ತಿ ಮೇಲೆ ಮೀನು ಹುಡುಕುವ ಪುಟಾಣಿ ಹೆಲಿಕಾಪ್ಟರ್.

ಮೀನು ಉಪ್ಪುನೀರಿನಲ್ಲಿ ಹೆಪ್ಪುಗಟ್ಟಿ ಕಲ್ಲಾಗಿರುತ್ತೆ. ಬಲೆ ತುಂಬಾ ಎತ್ತಿ ನಮ್ಮ ಹೋಲ್ಡ್‌ಗೆ ಸುರಿದರೆ ಜಲ್ಲಿ ಲಾರಿ ಖಾಲಿ ಮಾಡಿದ ಸದ್ದು. ಆ ಸದ್ದಿನ ಪಕ್ಕ ಒಬ್ಬ ಹುಡುಗ ಪುಸ್ತಕ, ಪೆನ್ಸಿಲ್ ಹಿಡಿದು ನಿಂತಿರುತ್ತಿದ್ದ. ಕಿರಿಬಾಸ್‌ನವನು. ಅವನೇ ಅಬ್ಸರ್ವರ್. ಎಷ್ಟು ಮೀನು, ಯಾವ ಜಾತಿ, ಎಲ್ಲಿ ಬಲೆ ಬಿಟ್ಟರು, ಆಮೆ ಸಿಕ್ಕಿತಾ, ಶಾರ್ಕ್ ಸಿಕ್ಕಿತಾ, ಎಲ್ಲ ಬರೆಯೋದು ಅವನ ಕೆಲಸ. 2010ರಿಂದ ಇಲ್ಲಿನ ಪ್ರತಿ ಪರ್ಸೀನ್ ಹಡಗಿನಲ್ಲೂ ಒಬ್ಬ ಅಬ್ಸರ್ವರ್ ಇರಲೇಬೇಕು. ಖರ್ಚು ಹಡಗಿನ ಮಾಲೀಕರ ಮೇಲೆ. ನೂರಾರು ದ್ವೀಪದ ಹುಡುಗರಿಗೆ ಅದು ಸಂಬಳದ ಕೆಲಸ.

ತೀರದವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ದುಡ್ಡು ಬಂದಿದ್ದಕ್ಕೆ ಈ ಕೆಲಸ ಹುಟ್ಟಲಿಲ್ಲ. ಎಂಟೂ ದೇಶ ಸೇರಿ ಕಾಗದದ ಮೇಲೆ ಷರತ್ತು ಬರೆದದ್ದಕ್ಕೆ ಹುಟ್ಟಿತು. ಒಂದೇ ದೇಶ ಬರೆದಿದ್ದರೆ ಹಡಗು ಪಕ್ಕದ ನೀರಿಗೆ ಹೋಗುತ್ತಿತ್ತು, ಅಷ್ಟೇ.

ಸುಖದ ಕೆಲಸ ಅಂತಲ್ಲ. ಇಪ್ಪತ್ತೈದು ಮೂವತ್ತು ಜನರ ಮಧ್ಯೆ ಇವನೊಬ್ಬನೇ ತಪ್ಪು ಬರೆದುಕೊಳ್ಳುವವನು. ಊಟಕ್ಕೆ ಪಕ್ಕದಲ್ಲಿ ಯಾರೂ ಕೂರೋದಿಲ್ಲ. ಸಮುದ್ರದಲ್ಲೇ ಸತ್ತ, ಕಾಣೆಯಾದ ಅಬ್ಸರ್ವರ್‌ಗಳೂ ಇದ್ದಾರೆ. 2020ರಲ್ಲಿ ಕೋವಿಡ್ ಬಂದಾಗ ಈ ನಿಯಮವನ್ನು ತಾತ್ಕಾಲಿಕವಾಗಿ ಎತ್ತಿಟ್ಟರು. ಹಡಗು ಹೋದವು, ಹುಡುಗರು ದಡದಲ್ಲಿ ಉಳಿದರು.

ಇನ್ನೊಂದು ತಮಾಷೆ ಹೇಳಿ ಮುಗಿಸುತ್ತೇನೆ. ನಾನು ಅದಕ್ಕೂ ಮೊದಲು ಇದ್ದ ಹಡಗಿಗೆ ಮಾರ್ಷಲ್ ದ್ವೀಪಗಳ ಬಾವುಟ. ಜಗತ್ತಿನ ಅತಿ ದೊಡ್ಡ ಹಡಗು ನೋಂದಣಿಗಳಲ್ಲಿ ಅದೂ ಒಂದು. ಅದನ್ನು ನಡೆಸುವ ಕಚೇರಿ ಇರುವುದು ಅಮೆರಿಕದ ವರ್ಜೀನಿಯಾದಲ್ಲಿ! ಆ ಹಡಗಿನಲ್ಲಿ ಆ ದೇಶದವರು ಒಬ್ಬರೂ ಇರಲಿಲ್ಲ. ನನ್ನ ಸರ್ಟಿಫಿಕೇಟ್ ಮೇಲೆ ಆ ದೇಶದ ಮುದ್ರೆ ಇತ್ತು. ಅಷ್ಟೇ ಸಂಬಂಧ.

ಸುಮ್ನೆ ಓದುವವಳು

ಎಂಜಿನ್ ರೂಮ್ ಸರ್, ಚೆನ್ನಾಗಿ ಬರೆದಿದ್ದೀರಿ. ಒಂದು ದಡ್ಡ ಪ್ರಶ್ನೆ. ಮೀನು ಅಲ್ಲೇ ಸಿಗುತ್ತೆ, ದುಡ್ಡೂ ಇದೆ. ಡಬ್ಬಿ ಫ್ಯಾಕ್ಟರಿ ಅಲ್ಲೇ ಯಾಕೆ ಹಾಕಬಾರದು? ಎಷ್ಟೋ ಸಾವಿರ ಕೆಲಸ ಅಲ್ವಾ?

ಮಲ್ಪೆ ದಕ್ಕೆ

ಅಕ್ಕಾ, ಇದಕ್ಕೆ ನಾನು ಹೇಳ್ತೇನೆ. ನಮ್ಮ ಚಿಕ್ಕಪ್ಪ ಮೀನಿನ ಪ್ಲಾಂಟ್‌ನಲ್ಲಿ ಸೂಪರ್‌ವೈಸರ್ ಆಗಿದ್ದವರು. ಮೀನು ಬಿಡಿ, ಮೊದಲು ನೀರು ಬೇಕು. ತೊಳೆಯಲು ನೀರು, ಬೇಯಿಸಲು ನೀರು, ನೆಲ ತೊಳೆಯಲು ನೀರು. ಎರಡು ದಿನ ಬೋರ್‌ವೆಲ್ ಕೈಕೊಟ್ಟರೆ ನಮ್ಮಲ್ಲೇ ಟ್ಯಾಂಕರ್ ಕ್ಯೂ. ಹವಳದ ದಿಬ್ಬದ ಮೇಲೆ ಸಿಹಿ ನೀರು ಎಲ್ಲಿಂದ? ಮಳೆ ನೀರು ಕೂಡಿಟ್ಟು ಕುಡಿಯುವ ಊರುಗಳವು. ಕರೆಂಟ್ ಡೀಸೆಲ್‌ನದ್ದು, ಡೀಸೆಲ್ ಹಡಗಿನಲ್ಲಿ ಬರಬೇಕು. ಖಾಲಿ ಡಬ್ಬಿಯೂ ಹಡಗಿನಲ್ಲಿ ಬರಬೇಕು. ಅಷ್ಟೆಲ್ಲ ತರಿಸುವ ಬದಲು ಮೀನನ್ನೇ ಬ್ಯಾಂಕಾಕ್‌ಗೆ ಕಳಿಸುವುದು ಸಸ್ತಾ.

ಮೇಷ್ಟ್ರು (ತುಮಕೂರು)

ಮಲ್ಪೆಯವರು ಸರಿಯಾಗಿ ಹೇಳಿದರು. ಜಗತ್ತಿನ ಟ್ಯೂನಾ ಡಬ್ಬಿಯ ದೊಡ್ಡಣ್ಣ ಥಾಯ್ಲೆಂಡ್. ಹಾಗಿದ್ದೂ ನೀರು, ನೆಲ ಇರುವ ದೊಡ್ಡ ದ್ವೀಪಗಳಲ್ಲಿ ಫ್ಯಾಕ್ಟರಿ ಇವೆ. ಪಪುವಾ ನ್ಯೂಗಿನಿಯ ಲೇ, ಮಡಾಂಗ್, ಸೊಲೊಮನ್‌ನ ನೋರೋ, ಫಿಜಿಯ ಲೆವುಕಾ. ಅವು ಉಸಿರಾಡುತ್ತಿರುವುದಕ್ಕೆ ಒಂದು ದೊಡ್ಡ ಕಾರಣ ಯುರೋಪಿನ ಸುಂಕ. ಥಾಯ್ ಡಬ್ಬಿ ಯುರೋಪಿಗೆ ಹೋದರೆ 24 ಪರ್ಸೆಂಟ್ ಸುಂಕ. ಈ ಮೂರು ದೇಶಗಳ ಡಬ್ಬಿಗೆ ಸೊನ್ನೆ. ನಾಳೆ ಥಾಯ್ಲೆಂಡ್‌ಗೂ ಸೊನ್ನೆ ಆದರೆ ಈ ಕೆಲಸಗಳ ಗತಿ ಏನು ಅಂತ ಯೋಚಿಸಿ.

ನೋರೋ ಫ್ಯಾಕ್ಟರಿಯಲ್ಲಿ ಸುಮಾರು ಎರಡು ಸಾವಿರ ಜನ, ಮೂರರಲ್ಲಿ ಎರಡು ಪಾಲು ಹೆಂಗಸರು. ಬೇಯಿಸಿದ ಮೀನಿನ ಚರ್ಮ, ಮುಳ್ಳು, ಕಪ್ಪು ಮಾಂಸ ಬಿಡಿಸುವ ಕೆಲಸ. ದಿನವಿಡೀ ನಿಂತೇ. ಒಂದು ಕಾಲದಲ್ಲಿ ಗೈರುಹಾಜರಿ ವಿಪರೀತ. ಇವರಿಗೆ ಶಿಸ್ತಿಲ್ಲ ಅಂತ ಬೈದರೆ ಸುಲಭವಾಗಿ ಮುಗಿದು ಹೋಗುತ್ತಿತ್ತು. ವಿಚಾರಿಸಿ ನೋಡಿದರೆ, ಸಂಬಳದ ದಿನದವರೆಗೆ ಕೈಯಲ್ಲಿ ಕಾಸು ಉಳಿಯದೆ, ರಜೆ ಹಾಕಿ ಸಂತೆಯಲ್ಲಿ ಏನಾದರೂ ಮಾರಲು ಹೋಗುತ್ತಿದ್ದರು. ಆಮೇಲೆ ಫ್ಯಾಕ್ಟರಿಯವರು ಮನೆ ಲೆಕ್ಕ ಬರೆಯುವ ತರಬೇತಿ ಶುರು ಮಾಡಿದರು. ನನ್ನನ್ನು ಕೇಳಿದರೆ ಲೆಕ್ಕ ಕಲಿಸಿದ್ದು ಒಳ್ಳೆಯದೇ, ಸಂಬಳವನ್ನೂ ಒಂದು ಸಲ ಲೆಕ್ಕ ಹಾಕಬೇಕಿತ್ತು.

ಒಗ್ಗಟ್ಟು ಬಿರುಕು ಬಿಡುವುದೂ ಇಲ್ಲೇ. ದಿನದ ದರಕ್ಕೆ ಎಲ್ಲರೂ ಒಂದು. ಫ್ಯಾಕ್ಟರಿ ಎಲ್ಲಿ ಅಂದ ಕೂಡಲೇ ‘ನಮ್ಮ ಊರಿಗೆ ಬೇಕು’. ಪಪುವಾ ನ್ಯೂಗಿನಿಯವರು ತಮ್ಮ ನೆಲದಲ್ಲಿ ಮೀನು ಇಳಿಸಿ ಸಂಸ್ಕರಿಸುವವರಿಗೆ ಫೀಸಿನಲ್ಲಿ ರಿಯಾಯಿತಿ ಕೊಡುತ್ತಾರೆ. ಟುವಾಲು ಏನು ಕೊಡಬೇಕು? ಅಲ್ಲಿ ಇಳಿಸಲು ಜಾಗವೇ ಇಲ್ಲ.

ತಿಪಟೂರು ತೆಂಗು

ಎಲ್ಲಾ ಮೀನೇ ಆಯಿತು. ತೆಂಗಿನವರ ಕಡೆಯಿಂದಲೂ ಒಂದು ಮಾತು ಇರಲಿ.

ಕಿರಿಬಾಸ್ ಸರ್ಕಾರದ ಆದಾಯದಲ್ಲಿ ದೊಡ್ಡ ಪಾಲು ಮೀನಿನ ಲೈಸೆನ್ಸಿನದ್ದು ತಾನೇ? ಆ ದುಡ್ಡು ಹಳ್ಳಿಗೆ ಹೇಗೆ ಹೋಗುತ್ತೆ ಗೊತ್ತಾ? ಕೊಬ್ಬರಿ ಮೂಲಕ. 2016ರಲ್ಲಿ ಅಲ್ಲಿನ ಸರ್ಕಾರ ಕೊಬ್ಬರಿ ಖರೀದಿ ಬೆಲೆಯನ್ನು ಕಿಲೋಗೆ 1 ಆಸ್ಟ್ರೇಲಿಯನ್ ಡಾಲರ್‌ನಿಂದ 2 ಡಾಲರ್‌ಗೆ ಏರಿಸಿತು. ಮಾರುಕಟ್ಟೆ ಬೆಲೆಗಿಂತ ಎಷ್ಟೋ ಜಾಸ್ತಿ. ಅದೂ ನಮ್ಮ ಉಂಡೆ ಕೊಬ್ಬರಿ ಅಲ್ಲ, ಎಣ್ಣೆಗೆ ಹೋಗುವ ಕೊಬ್ಬರಿ. ಕಾಯಿ ಒಡೆದು ಬಿಸಿಲಿಗೆ ಹಾಕಿ ಒಣಗಿಸಿದರೆ ಮುಗಿಯಿತು. ನಾವು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾದು, ಕಾಯಿ ಅಲ್ಲಾಡಿಸಿ ಗಡಗಡ ಸದ್ದು ಕೇಳಿ, ಆಮೇಲೆ ನಾಫೆಡ್ ಕೇಂದ್ರದ ಮುಂದೆ ಕ್ಯೂ ನಿಂತು ಬೆಂಬಲ ಬೆಲೆಗೆ ಬಾಯಿ ಬಡಿದುಕೊಳ್ಳುತ್ತೇವೆ!

ಅದನ್ನು ಸಬ್ಸಿಡಿ ಅಂತ ಬೈಯುವವರು ಇದ್ದಾರೆ. ನನಗೆ ಹಾಗೆ ಅನ್ನಿಸೋದಿಲ್ಲ. ದೂರದ ದ್ವೀಪದ ಮುದುಕಿಯೂ ಕಾಯಿ ಆರಿಸಿ ನಾಲ್ಕು ಕಾಸು ನೋಡುತ್ತಾಳೆ. ಊರು ಬಿಟ್ಟು ರಾಜಧಾನಿಗೆ ಹೋಗಿ ಒತ್ತೊತ್ತಾಗಿ ಕೂರುವ ಅವಸರ ಸ್ವಲ್ಪ ತಗ್ಗುತ್ತೆ. ಮೇಷ್ಟ್ರು ಇದನ್ನು ಕೆಲಸ ಅಂತಾರೋ, ಬಾಡಿಗೆ ಹಂಚಿಕೆ ಅಂತಾರೋ?

ಮೇಷ್ಟ್ರು (ತುಮಕೂರು)

ಬಾಡಿಗೆ ಹಂಚಿಕೆ. ಆದರೆ ಬೆವರು ಸುರಿಸಿ ತೆಗೆದುಕೊಳ್ಳುವ ಹಂಚಿಕೆ. ನನ್ನ ತಕರಾರಿಲ್ಲ. ಮೀನು ಪೂರ್ವಕ್ಕೆ ಸರಿದು ಹೊರಗಿನ ಸಮುದ್ರಕ್ಕೆ ಹೋದ ದಿನ ಕೊಬ್ಬರಿ ಬೆಲೆಯೂ ಬೀಳುತ್ತೆ, ಅದೊಂದೇ ಭಯ. ಸಮುದ್ರ ಬಿಸಿಯಾದ ಹಾಗೆ ಟ್ಯೂನಾ ಆ ಕಡೆಗೇ ಸರಿಯುತ್ತೆ ಅಂತ ವಿಜ್ಞಾನಿಗಳು ಹೇಳುತ್ತಿದ್ದಾರೆ.

ಕಿವಿಹಣ್ಣಿನ ಊರು (ನ್ಯೂಜಿಲೆಂಡ್)

ಇಷ್ಟು ಹೊತ್ತು ಓದುತ್ತಿದ್ದೆ. ನೀವೆಲ್ಲ ಕೆಲಸ ದ್ವೀಪಕ್ಕೆ ಬಂತಾ ಅಂತ ಕೇಳುತ್ತಿದ್ದೀರಿ. ಕೆಲಸದ ಹತ್ತಿರಕ್ಕೇ ದ್ವೀಪ ಬರುವುದನ್ನು ನಾನು ವರ್ಷಾ ವರ್ಷಾ ನೋಡುತ್ತೇನೆ.

ನಾನಿರುವುದು ಕಿವಿಹಣ್ಣಿನ ತೋಟಗಳ ಊರಲ್ಲಿ. ಹಣ್ಣು ಪ್ಯಾಕ್ ಮಾಡುವ ಕಡೆ ಅಕೌಂಟ್ಸ್ ಕೆಲಸ. 2007ರಲ್ಲಿ ನ್ಯೂಜಿಲೆಂಡ್ ಸರ್ಕಾರ ಒಂದು ಯೋಜನೆ ಶುರು ಮಾಡಿತು. ಪೆಸಿಫಿಕ್ ದ್ವೀಪದವರು ಹಣ್ಣಿನ ಕಾಲಕ್ಕೆ ಬಂದು, ಏಳು ತಿಂಗಳವರೆಗೆ ದುಡಿದು, ವಾಪಸ್ ಹೋಗಬೇಕು. ಕಿರಿಬಾಸ್, ಟುವಾಲುವಿನವರಿಗೆ ಒಂಬತ್ತು ತಿಂಗಳು, ಯಾಕೆಂದರೆ ದೂರ ಜಾಸ್ತಿ, ಟಿಕೆಟ್ ದುಡ್ಡೇ ಹುಟ್ಟಬೇಕಲ್ಲ. ಮೊದಲ ವರ್ಷ ಮಿತಿ 5,000 ಜನ. ಈಗ ಅದು ಇಪ್ಪತ್ತು ಸಾವಿರದ ಆಸುಪಾಸು. ಆಸ್ಟ್ರೇಲಿಯಾದಲ್ಲೂ ಇಂಥದ್ದೇ ಇದೆ. ಮಾಂಸದ ಫ್ಯಾಕ್ಟರಿ, ವೃದ್ಧಾಶ್ರಮದ ಕೆಲಸಕ್ಕೂ ಕರೆಸಿಕೊಳ್ಳುತ್ತಾರೆ.

ಕಿವಿ ತೋಟ ಅಂದರೆ ನಮ್ಮ ದ್ರಾಕ್ಷಿ ಚಪ್ಪರದ ಹಾಗೆ. ತಲೆ ಮೇಲೆ ಹಣ್ಣು. ಎದೆಗೆ ದೊಡ್ಡ ಚೀಲ ಕಟ್ಟಿಕೊಂಡು, ಕೈ ಎತ್ತಿ ಎತ್ತಿ ಕೀಳಬೇಕು. ಸಂಜೆಗೆ ಭುಜ ಮಾತು ಕೇಳೋದಿಲ್ಲ. ವನುವಾಟುವಿನ ಒಬ್ಬರು ಆರು ವರ್ಷದಿಂದ ಬರುತ್ತಿದ್ದರು. ಹೋಗುವಾಗ ಸೋಲಾರ್ ಪ್ಯಾನೆಲ್, ಮರ ಕೊಯ್ಯುವ ಮೆಷಿನ್, ಮಕ್ಕಳ ಸ್ಕೂಲ್ ಬ್ಯಾಗ್ ಎಲ್ಲ ಕಟ್ಟಿಕೊಂಡು ಹೋಗುವುದು. ಒಂದು ದಿನ ಪೇ ಸ್ಲಿಪ್ ಹಿಡಿದು ಬಂದರು. ಗುತ್ತಿಗೆದಾರನೊಬ್ಬ ಒಂದು ಕೋಣೆಗೆ ಆರು ಮಂಚ ಹಾಕಿ, ಮಂಚಕ್ಕೆ ಇಷ್ಟು ಅಂತ ಮುರಿದುಕೊಂಡಿದ್ದ. ನಾನು ಕೂಡಿ ನೋಡಿದೆ. ಆ ಕೋಣೆಯ ಬಾಡಿಗೆ ನಮ್ಮ ಮನೆ ಬಾಡಿಗೆಗಿಂತ ಜಾಸ್ತಿ!

ಮಾತಾಡ್ತಾ ಗೊತ್ತಾಯಿತು, ಅವರು ಊರಲ್ಲಿ ಶಾಲೆ ಮೇಷ್ಟ್ರು. ಸಂಬಳ ಸಾಲದೆ ಹಣ್ಣು ಕೀಳಲು ಬಂದಿದ್ದು. ಇದು ಅವರೊಬ್ಬರ ಕಥೆ ಅಲ್ಲ. ಸಮೋವಾ ಸರ್ಕಾರವೇ 2023ರಲ್ಲಿ, ನಮ್ಮ ನುರಿತ ಜನ ಖಾಲಿಯಾಗುತ್ತಿದ್ದಾರೆ, ಇದನ್ನು ಮತ್ತೆ ಯೋಚಿಸಬೇಕು ಅಂತ ಹೇಳಿತು. ಮೀನಿಗೆ ಒಟ್ಟಿಗೆ ದರ ಕಟ್ಟಿದ ಹಾಗೆ ದುಡಿಯುವ ಕೈಗೆ ದ್ವೀಪಗಳು ಒಟ್ಟಿಗೆ ದರ ಕಟ್ಟಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಸಹಿ. ಟೊಂಗಾದವರು ತಕರಾರು ಮಾಡಿದರೆ ತೋಟದವನು ವನುವಾಟುವಿಗೆ ಫೋನ್ ಮಾಡುತ್ತಾನೆ. ತೀರದವರು ಮೊದಲ ಪೋಸ್ಟಿನಲ್ಲಿ ಹೇಳಿದ ಹಳೇ ಆಟವೇ ಅಲ್ವಾ ಇದು?

ಎಂಜಿನ್ ರೂಮ್

ಮೇಡಂ, ನೂರಕ್ಕೆ ನೂರು. ಹಡಗಿನ ಕೆಲಸದಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಸೊಲೊಮನ್ ರಾಜಧಾನಿ ಹೊನಿಯಾರಾದಲ್ಲಿ ದ್ವೀಪ ದೇಶಗಳೆಲ್ಲ ಸೇರಿ 1979ರಲ್ಲಿ ಕಟ್ಟಿದ ಮೀನುಗಾರಿಕೆ ಸಂಸ್ಥೆ ಇದೆ. ಅದರ ಮೂಲಕ 2019ರಲ್ಲಿ ಒಂದು ತೀರ್ಮಾನ ಮಾಡಿದರು. ನಮ್ಮ ನೀರಿನಲ್ಲಿ ಲೈಸೆನ್ಸ್ ಬೇಕಾದರೆ ಕಲಾಸಿಗಳಿಗೆ ಲಿಖಿತ ಕರಾರು ಕೊಡಿ, ಮನುಷ್ಯರ ಹಾಗೆ ನಡೆಸಿಕೊಳ್ಳಿ ಅಂತ. 2020ರ ಜನವರಿಯಿಂದ ಅದು ಲೈಸೆನ್ಸಿನ ಷರತ್ತು. ದ್ವೀಪದವರಿಗೆ ಮಾತ್ರ ಅಲ್ಲ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹುಡುಗರಿಗೂ ಲಾಭ. ಜಾರಿ ಎಷ್ಟರ ಮಟ್ಟಿಗೆ ಅಂತ ಕೇಳಿದರೆ, ಕರಾರು ಓದಿ ನೋಡಲು ಹಡಗು ಬಂದರಿಗೆ ಬರಬೇಕು.

ಸುಮ್ನೆ ಓದುವವಳು

ಹಾಗಾದರೆ ದ್ವೀಪದವರು ದ್ವೀಪದಲ್ಲೇ, ಒಬ್ಬರ ಊರಿಂದ ಇನ್ನೊಬ್ಬರ ಊರಿಗೆ ಹೋಗಿ ಕೆಲಸ ಮಾಡೋದಿಲ್ವಾ? ಕ್ರಿಕೆಟ್ ನೋಡಿ ಬೆಳೆದವಳು ನಾನು, ವೆಸ್ಟ್ ಇಂಡೀಸ್ ನೆನಪಾಯಿತು. ಅದು ದೇಶವೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ! 1958ರಲ್ಲಿ ಒಂದು ಒಕ್ಕೂಟ ಮಾಡಿಕೊಂಡರಂತೆ. ಜಮೈಕಾದವರು ಜನಮತ ತೆಗೆದು ಹೊರಗೆ ಹೋದರು. 1962ಕ್ಕೆ ಒಕ್ಕೂಟವೇ ಮುಗಿಯಿತು. ತಂಡ ಮಾತ್ರ ಉಳಿಯಿತು.

ಮೇಷ್ಟ್ರು (ತುಮಕೂರು)

ತಂಡ ಮತ್ತು ವಿಶ್ವವಿದ್ಯಾಲಯ ಎರಡೂ ಉಳಿದವು ತಾಯಿ. ಆಮೇಲೆ 1973ರಲ್ಲಿ ಕ್ಯಾರಿಕಾಮ್ ಅಂತ ಕೆರಿಬಿಯನ್ ದೇಶಗಳ ಕೂಟ ಮತ್ತೆ ಶುರು ಮಾಡಿದರು, ಈ ಸಲ ನಿಧಾನಕ್ಕೆ. ಮೊದಲು ಪದವೀಧರರು, ಕಲಾವಿದರು, ಆಟಗಾರರು, ಪತ್ರಕರ್ತರು ಪರ್ಮಿಟ್ ಇಲ್ಲದೆ ಬೇರೆ ದ್ವೀಪದಲ್ಲಿ ದುಡಿಯಬಹುದು ಅಂದರು. ಆಮೇಲೆ ನರ್ಸ್, ಶಿಕ್ಷಕರು, ಕುಶಲಕರ್ಮಿಗಳು, ಮನೆಗೆಲಸದವರು. 2025ರ ಅಕ್ಟೋಬರ್ 1ರಿಂದ ಬಾರ್ಬಡೋಸ್, ಬೆಲೀಜ್, ಡೊಮಿನಿಕಾ, ಸೇಂಟ್ ವಿನ್ಸೆಂಟ್ ನಾಲ್ಕು ದೇಶದವರು ತಮ್ಮೊಳಗೆ ಯಾರು ಎಲ್ಲಿ ಬೇಕಾದರೂ ಹೋಗಿ ಇದ್ದು ದುಡಿಯಬಹುದು ಅಂತ ಮಾಡಿಕೊಂಡರು. ಐವತ್ತು ವರ್ಷ ಹಿಡಿಯಿತು. ಪೆಸಿಫಿಕ್‌ನಲ್ಲಿ ದೂರಗಳು ಇದಕ್ಕಿಂತ ಎಷ್ಟೋ ಜಾಸ್ತಿ, ವಿಮಾನ ವಾರಕ್ಕೆ ಎರಡೋ ಮೂರೋ. ಅಲ್ಲಿ ಒಟ್ಟಿಗೆ ಕಟ್ಟಿ ನಿಲ್ಲಿಸಿದ್ದರಲ್ಲಿ ಓದಿಗೆ ಸಂಬಂಧಪಟ್ಟಿದ್ದು 1968ರಲ್ಲಿ ಫಿಜಿಯ ಸುವಾದಲ್ಲಿ ಶುರುವಾದ ವಿಶ್ವವಿದ್ಯಾಲಯ. ಹನ್ನೆರಡು ದೇಶಕ್ಕೆ ಒಂದೇ.

ತೀರದವನು (ಉಡುಪಿ)

ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ನನಗೆ ಇಲ್ಲಿ ಹೊಸದಾಗಿದ್ದು ಆ ಅಬ್ಸರ್ವರ್ ವಿಷಯ. ನಾನು ದುಡ್ಡಿನಿಂದ ಕೆಲಸ ಹುಟ್ಟುತ್ತಾ ಅಂತ ಹುಡುಕುತ್ತಿದ್ದೆ. ಅದು ಹುಟ್ಟಿದ್ದು ಲೈಸೆನ್ಸ್ ಕಾಗದದ ಷರತ್ತಿನಿಂದ.

ಟುವಾಲು ಬಗ್ಗೆ ನಾನೂ ಸ್ವಲ್ಪ ಓದಿದೆ. 2023ರಲ್ಲಿ ಆಸ್ಟ್ರೇಲಿಯಾ ಜೊತೆ ಒಪ್ಪಂದ ಆಗಿದೆ, ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು. 2025ರ ಮೊದಲ ಲಾಟರಿಗೆ ಮನೆಮಂದಿಯೂ ಸೇರಿ 8,750 ಜನ ಹೆಸರು ಕೊಟ್ಟರು. ದೇಶದಲ್ಲಿರುವುದೇ ಹನ್ನೊಂದು ಸಾವಿರದಷ್ಟು.

ಮಲ್ಪೆ ದಕ್ಕೆ

ಎಂಥ ಮಾರಾಯ್ರೆ, ಊರಿಗೆ ಊರೇ ಹೊರಟಿತಲ್ಲ.

ಎಂಜಿನ್ ರೂಮ್ ಅಣ್ಣಾ, ನನ್ನದೊಂದು ಡೌಟ್. ಆ ಕಿರಿಬಾಸ್ ಹುಡುಗನಿಗೆ ದಿನಕ್ಕೆ ಎಷ್ಟು ಸಿಗ್ತದೆ? ನಮ್ಮ ಪರ್ಸೀನ್ ಬೋಟಿನ ಪಾಲಿಗೆ ಹೋಲಿಸಿ ನೋಡುವ ಅಂತ.

ಎಂಜಿನ್ ರೂಮ್

ಕೇಳಿದ್ದೆ ಅಣ್ಣಾ. ಅವನು ನಕ್ಕು ‘ನಿನ್ನದೆಷ್ಟು, ಮೊದಲು ಹೇಳು’ ಅಂದ. ನಾನೂ ಹೇಳಲಿಲ್ಲ. ಆಮೇಲೆ ಇಬ್ಬರೂ ಮೀನಿನ ಸಾರಿನ ಬಗ್ಗೆ ಮಾತಾಡಿದೆವು. ಅವರು ಅದಕ್ಕೆ ತೆಂಗಿನ ಹಾಲು ಹಾಕುತ್ತಾರೆ.

ತಿಪಟೂರು ತೆಂಗು

ಕಾಯಿ ಎಷ್ಟು ಬಲಿತಿದ್ದು, ಕೇಳಿದ್ರಾ?

ಕಿವಿಹಣ್ಣಿನ ಊರು (ನ್ಯೂಜಿಲೆಂಡ್)

ಆ ವನುವಾಟು ಮೇಷ್ಟ್ರ ಕಥೆ ಏನಾಯಿತು ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದೀರಿ. ಮಂಚದ ದುಡ್ಡು ದೂರು ಕೊಟ್ಟ ಮೇಲೆ ಅರ್ಧ ವಾಪಸ್ ಬಂತು. ಈ ಸಲ ಅವರು ಬಂದಿಲ್ಲ. ಶಾಲೆಗೆ ವಾಪಸ್ ಹೋದರೇನೋ ಅಂತ ಖುಷಿಪಟ್ಟೆ. ಆಸ್ಟ್ರೇಲಿಯಾದ ಮಾಂಸದ ಫ್ಯಾಕ್ಟರಿಗೆ ಸೇರಿದ್ದಾರಂತೆ, ಅವರ ತಮ್ಮ ಹೇಳಿದ. ತಮ್ಮ ನಮ್ಮ ತೋಟದಲ್ಲಿದ್ದಾನೆ.